ಒಂದು ದೇಶದಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ದೇಶದಲ್ಲಿ ಒಪ್ಪಿಸುವುದು ಹೇಗೆ?

ಒಂದು ದೇಶದ ನಗರದಲ್ಲಿ ಕಾರನ್ನು ಬಾಡಿಗೆಗೆ ಪಡೆದು, ಗಡಿ ದಾಟಿ, ಇನ್ನೊಂದು ದೇಶದ ನಗರದಲ್ಲಿ ಅದನ್ನು ಒಪ್ಪಿಸಿ ಅಲ್ಲಿಂದಲೇ ಮುಂದಕ್ಕೆ ಹೊರಡುವುದು ಪ್ರವಾಸಿಗರಿಗೆ ಬಹಳ ಅನುಕೂಲದ ವ್ಯವಸ್ಥೆ. ಬಂದ ದಾರಿಯಲ್ಲೇ ಮರಳಬೇಕಾಗಿಲ್ಲ. ರೈಲು ಹೋಗದ ಕಣಿವೆಗಳಲ್ಲಿಯೂ ಕರಾವಳಿಯ ಸಣ್ಣ ಊರುಗಳಲ್ಲಿಯೂ ಬೇಕಾದಷ್ಟು ಹೊತ್ತು ನಿಂತು ಹೋಗಬಹುದು. ಆದರೆ ಒಂದೇ ದೇಶದೊಳಗಿನ ಒನ್‌ವೇ ಬಾಡಿಗೆಯ (ಒಂದು ಊರಿನಲ್ಲಿ ಪಡೆದ ಕಾರನ್ನು ಇನ್ನೊಂದು ಊರಿನಲ್ಲಿ ಒಪ್ಪಿಸುವುದು) ಅನುಭವವನ್ನು ನೆಚ್ಚಿಕೊಂಡು ಗಡಿ ದಾಟಲು ಹೊರಟವರು ತೊಂದರೆಗೆ ಸಿಲುಕುವ ಸಂಭವ ಹೆಚ್ಚು. ಊರಿಂದೂರಿಗೆ ಹೋದಾಗ ಬದಲಾಗುವುದು ದೂರ ಮಾತ್ರ. ಗಡಿ ದಾಟಿದಾಗ ಕಾರು ವಿದೇಶಿ ವಾಹನವಾಗುತ್ತದೆ.

ಈ ಲೇಖನದಲ್ಲಿ ಬರುವ ಹೆಚ್ಚಿನ ಸಲಹೆಗಳಿಗೆ ಮೂಲ ಇದೊಂದೇ: ಕಾರಿನ ನಂಬರ್ ಪ್ಲೇಟ್ ಯಾವ ದೇಶದ್ದು ಎಂಬುದನ್ನು ಪ್ರಯಾಣದ ಪ್ರತಿ ಹಂತದಲ್ಲಿಯೂ ನೆನಪಿಟ್ಟುಕೊಳ್ಳಬೇಕು. ಒನ್‌ವೇ ಶುಲ್ಕ, ವಿಮೆಯ ವ್ಯಾಪ್ತಿ, ಕಸ್ಟಮ್ಸ್ ನಿಯಮ, ಹೆದ್ದಾರಿಯ ಟೋಲ್ ಇವೆಲ್ಲವೂ ಅದನ್ನೇ ಅವಲಂಬಿಸಿವೆ.

ಮೊದಲು ದಾರಿಯನ್ನು ಪೂರ್ತಿಯಾಗಿ ಗುರುತಿಸಿ

ಬಾಡಿಗೆಯ ದರ ನೋಡುವುದಕ್ಕಿಂತ ಮೊದಲು ನಕ್ಷೆ ಬಿಡಿಸಿ, ನೀವು ಹೋಗುವ ದಾರಿ ಯಾವ ಯಾವ ದೇಶಗಳನ್ನು ಮುಟ್ಟುತ್ತದೆ ಎಂಬುದನ್ನು ಬರೆದುಕೊಳ್ಳಿ. ಹೊರಡುವ ದೇಶ ಮತ್ತು ತಲುಪುವ ದೇಶದ ಹೆಸರು ಮಾತ್ರ ಸಾಲದು. ನಡುವೆ ಅರ್ಧ ಗಂಟೆ ಹಾದುಹೋಗುವ ಮೂರನೆಯ ದೇಶವೂ ಪಟ್ಟಿಯಲ್ಲಿರಬೇಕು. ಇದಕ್ಕೆ ಕ್ರೊಯೇಷಿಯಾದ ಕರಾವಳಿ ಒಳ್ಳೆಯ ಉದಾಹರಣೆ. ಸ್ಪ್ಲಿಟ್‌ನಿಂದ ಡುಬ್ರೋವ್ನಿಕ್‌ಗೆ ಹೋಗುವ ಹಳೆಯ ರಸ್ತೆ ನೆಯುಮ್ ಎಂಬಲ್ಲಿ ಕೆಲವು ಕಿಲೋಮೀಟರ್‌ಗಳಷ್ಟು ದೂರ ಬೋಸ್ನಿಯಾ ಮತ್ತು ಹರ್ಜೆಗೋವಿನಾ ದೇಶದೊಳಗೆ ಸಾಗುತ್ತದೆ. 2022ರ ಜುಲೈನಲ್ಲಿ ಪೆಲೆಶಾಟ್ಸ್ ಸೇತುವೆ ತೆರೆದ ಮೇಲೆ ಕ್ರೊಯೇಷಿಯಾದ ನೆಲ ಬಿಡದೆಯೇ ಡುಬ್ರೋವ್ನಿಕ್ ತಲುಪಬಹುದು. ಸ್ಲೊವೇನಿಯಾದಲ್ಲಿ ಕಾರು ಪಡೆದು ಡುಬ್ರೋವ್ನಿಕ್‌ನಲ್ಲಿ ಒಪ್ಪಿಸುವವರು ಸೇತುವೆಯ ದಾರಿ ಹಿಡಿದರೆ ಯುರೋಪಿಯನ್ ಒಕ್ಕೂಟದೊಳಗೇ ಇರುತ್ತಾರೆ. ಹಳೆಯ ರಸ್ತೆ ಹಿಡಿದರೆ ಒಕ್ಕೂಟದ ಹೊರಗಿನ ದೇಶವೊಂದನ್ನು ಪ್ರವೇಶಿಸಿ ಮತ್ತೆ ಒಳಬರುತ್ತಾರೆ. ಕಾರಿಗೆ ಅಲ್ಲಿನ ಅನುಮತಿ ಇಲ್ಲದಿದ್ದರೆ ಅದು ಕರಾರಿನ ಉಲ್ಲಂಘನೆ. ಒಂದೇ ಬಾರಿ ಪ್ರವೇಶಿಸಬಹುದಾದ ಷೆಂಗೆನ್ (ಪರಸ್ಪರ ಗಡಿ ತಪಾಸಣೆ ಸಾಮಾನ್ಯವಾಗಿ ಇಲ್ಲದ ಯುರೋಪಿನ ದೇಶಗಳ ಗುಂಪು) ವೀಸಾ ಇರುವ ಪ್ರಯಾಣಿಕರಿಗಂತೂ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಹೊರಗೆ ಕಾಲಿಟ್ಟ ಕ್ಷಣಕ್ಕೆ ಆ ವೀಸಾದ ಉಪಯೋಗ ಮುಗಿಯುತ್ತದೆ ಮತ್ತು ಮರಳಿ ಒಳಬರಲು ಸಾಧ್ಯವಾಗುವುದಿಲ್ಲ.

ತಪಾಸಣೆಯೇ ಇಲ್ಲದ ಗಡಿಗಳಲ್ಲಿಯೂ ಈ ಎಚ್ಚರಿಕೆ ಬೇಕು. ಐರ್ಲೆಂಡ್ ಗಣರಾಜ್ಯದಿಂದ ಉತ್ತರ ಐರ್ಲೆಂಡ್‌ಗೆ ಹೋಗುವ ರಸ್ತೆಯಲ್ಲಿ ಗೇಟ್ ಇಲ್ಲ, ಪಾಸ್‌ಪೋರ್ಟ್ ಕೇಳುವ ಕಟ್ಟೆಯೂ ಇಲ್ಲ. ವೇಗಮಿತಿಯ ಫಲಕಗಳು ಕಿಲೋಮೀಟರ್‌ನಿಂದ ಮೈಲಿಗೆ ಬದಲಾಗುವುದರಿಂದಲೇ ಗಡಿ ದಾಟಿದ್ದು ತಿಳಿಯುತ್ತದೆ. ಹಾಗಿದ್ದರೂ ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವಾದ್ದರಿಂದ, ಬ್ರಿಟನ್ನಿಗೆ ವೀಸಾ ಅಗತ್ಯವಿರುವ ದೇಶದವರಿಗೆ ಅದು ಸಾಮಾನ್ಯವಾಗಿ ಅಲ್ಲಿಯೂ ಅಗತ್ಯ.

ಕಾರನ್ನು ಪಡೆಯುವ ಮತ್ತು ಒಪ್ಪಿಸುವ ಜಾಗದ ವಿಳಾಸವನ್ನೂ ಇದೇ ಹಂತದಲ್ಲಿ ಸೂಕ್ಷ್ಮವಾಗಿ ಓದಿ. ಜಿನೀವಾ ವಿಮಾನ ನಿಲ್ದಾಣ ಸ್ವಿಟ್ಜರ್ಲೆಂಡಿನ ನೆಲದಲ್ಲಿದ್ದರೂ ಅದಕ್ಕೊಂದು ಫ್ರೆಂಚ್ ವಿಭಾಗವಿದೆ. ಫರ್ನಿ-ವೊಲ್ಟೇರ್ ಊರಿನ ಕಡೆಯಿಂದ ಬರುವ ಪ್ರತ್ಯೇಕ ರಸ್ತೆಯಲ್ಲಿ ಅಲ್ಲಿಗೆ ಹೋಗಬೇಕು. ಬಾಸೆಲ್-ಮುಲೂಸ್ ವಿಮಾನ ನಿಲ್ದಾಣ ಫ್ರಾನ್ಸಿನ ನೆಲದಲ್ಲಿದೆ, ಆದರೆ ಅದರ ಸ್ವಿಸ್ ವಿಭಾಗಕ್ಕೆ ಬಾಸೆಲ್‌ನಿಂದ ಕಸ್ಟಮ್ಸ್ ರಸ್ತೆಯೊಂದು ನೇರವಾಗಿ ಬರುತ್ತದೆ. ಎರಡೂ ಕಡೆ ಬಾಡಿಗೆ ಕಂಪನಿಗಳ ಕೌಂಟರ್‌ಗಳು ಪ್ರತ್ಯೇಕವಾಗಿವೆ. ಒಂದು ಬದಿಯ ಕಾರುಗಳಿಗೆ ಫ್ರೆಂಚ್ ನಂಬರ್ ಪ್ಲೇಟ್, ಇನ್ನೊಂದು ಬದಿಯವುಗಳಿಗೆ ಸ್ವಿಸ್ ಪ್ಲೇಟ್. ಪ್ಯಾರಿಸ್‌ನಲ್ಲಿ ಪಡೆದ ಕಾರನ್ನು ಜಿನೀವಾದ ಫ್ರೆಂಚ್ ವಿಭಾಗದಲ್ಲಿ ಒಪ್ಪಿಸಿದರೆ ಅದು ಫ್ರಾನ್ಸಿನೊಳಗಿನ ಬಾಡಿಗೆ ಎಂದೇ ಲೆಕ್ಕ. ಅದೇ ಕಾರನ್ನು ಅದೇ ನಿಲ್ದಾಣದ ಸ್ವಿಸ್ ವಿಭಾಗಕ್ಕೆ ತಂದರೆ ಅಂತರರಾಷ್ಟ್ರೀಯ ಒನ್‌ವೇ ಶುಲ್ಕ ಬೀಳುತ್ತದೆ. ಈ ವ್ಯತ್ಯಾಸ ಗೊತ್ತಿದ್ದವರಿಗೆ ಇಂತಹ ನಿಲ್ದಾಣಗಳು ದೊಡ್ಡ ಉಳಿತಾಯದ ದಾರಿ. ಗೊತ್ತಿಲ್ಲದವರಿಗೆ ವಿಮಾನ ಹೊರಡುವ ಹೊತ್ತಿನಲ್ಲಿ ಎದುರಾಗುವ ಗೊಂದಲ.

ಶುಲ್ಕ ಏಕೆ ಅಷ್ಟು ದುಬಾರಿ, ತಗ್ಗಿಸುವುದು ಹೇಗೆ

ಗಡಿಯಾಚೆ ಬಿಟ್ಟುಬಂದ ಕಾರನ್ನು ಅಲ್ಲಿನ ಶಾಖೆ ತನ್ನ ಸ್ಥಳೀಯ ಗ್ರಾಹಕರಿಗೆ ಸುಲಭವಾಗಿ ಬಾಡಿಗೆಗೆ ಕೊಡಲಾರದು. ಅದರ ನೋಂದಣಿ, ತೆರಿಗೆ, ವಿಮೆ ಎಲ್ಲವೂ ಇನ್ನೊಂದು ದೇಶಕ್ಕೆ ಸೇರಿದವು. ಹಾಗಾಗಿ ಕಂಪನಿಯು ಒಬ್ಬ ಚಾಲಕನನ್ನು ನೇಮಿಸಿ ಅಥವಾ ಲಾರಿಯ ಮೇಲೇರಿಸಿ ಕಾರನ್ನು ವಾಪಸ್ ತರಿಸಬೇಕು, ಇಲ್ಲವೇ ಆ ದಿಕ್ಕಿನಲ್ಲಿ ಹೊರಟ ಗ್ರಾಹಕ ಸಿಗುವವರೆಗೆ ಅದನ್ನು ನಿಲ್ಲಿಸಿಡಬೇಕು. ಒನ್‌ವೇ ಶುಲ್ಕ ಕೆಲವೊಮ್ಮೆ ಇಡೀ ಬಾಡಿಗೆಯನ್ನೇ ಮೀರುವುದಕ್ಕೆ ಇದೇ ಕಾರಣ. ಕಾರಿನ ಸ್ಟಿಯರಿಂಗ್ ಬೇರೆ ಬದಿಯಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು: ಬ್ರಿಟನ್ನಿನ ಬಲಬದಿ ಸ್ಟಿಯರಿಂಗ್ ಕಾರಿನಿಂದ ಫ್ರಾನ್ಸಿನ ಶಾಖೆಗೆ ಪ್ರಯೋಜನವಿಲ್ಲವಾದ್ದರಿಂದ, ಆ ದಾರಿಯಲ್ಲಿ ಒನ್‌ವೇ ಬಾಡಿಗೆ ಸಿಗುವುದೇ ಅಪರೂಪ. ಅಲ್ಲಿ ರೈಲಿನಲ್ಲಿ ಕಡಲ್ಗಾಲುವೆ ದಾಟಿ ಆಚೆ ಬೇರೆ ಕಾರು ಹಿಡಿಯುವುದೇ ವಿವೇಕದ ಮಾರ್ಗ.

ಬೆಲೆ ಹೋಲಿಸುವ ತಾಣಗಳಲ್ಲಿ ಕಾಣುವ ಮೊತ್ತದಲ್ಲಿ ಈ ಶುಲ್ಕ ಯಾವಾಗಲೂ ಸೇರಿರುವುದಿಲ್ಲ. ಷರತ್ತುಗಳ ನಡುವೆ ‘ಕೌಂಟರ್‌ನಲ್ಲಿ ಪಾವತಿಸತಕ್ಕದ್ದು’ ಎಂಬ ಸಾಲು ಇದೆಯೇ, ಅದರ ಮೇಲೆ ತೆರಿಗೆ ಪ್ರತ್ಯೇಕವೇ ಎಂಬುದನ್ನು ಹುಡುಕಿ ನೋಡಿದ ಮೇಲೆಯೇ ಒಂದು ಕಂಪನಿಯನ್ನು ಇನ್ನೊಂದರೊಡನೆ ಹೋಲಿಸಬೇಕು.

ಶುಲ್ಕ ತಗ್ಗಿಸಲು ಕೆಲವು ದಾರಿಗಳಿವೆ. ಮೊದಲನೆಯದಾಗಿ, ಪ್ರವಾಸದ ದಿಕ್ಕನ್ನು ತಿರುಗಿಸಿ ದರ ನೋಡಿ. ಕಾರುಗಳು ಒಂದು ದೇಶದಲ್ಲಿ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆಯಾದಾಗ ಒಂದು ದಿಕ್ಕಿನ ಶುಲ್ಕ ಗಣನೀಯವಾಗಿ ಇಳಿಯುವುದುಂಟು. ಎರಡನೆಯದಾಗಿ, ನೀವು ತಲುಪಬೇಕಾದ ದೇಶದ ನಂಬರ್ ಪ್ಲೇಟ್ ಇರುವ ಕಾರು ಶಾಖೆಯಲ್ಲಿ ನಿಂತಿದೆಯೇ ಎಂದು ಫೋನ್ ಮಾಡಿ ಕೇಳಿ. ಮನೆಗೆ ಮರಳಬೇಕಾದ ಅಂತಹ ಕಾರನ್ನು ನೀವೇ ಕೊಂಡೊಯ್ದರೆ ಕಂಪನಿಯ ಖರ್ಚು ಉಳಿಯುತ್ತದೆ. ಜಾಲತಾಣದಲ್ಲಿ ಕಾಣದ ಈ ಅನುಕೂಲವನ್ನು ಶಾಖೆಯವರು ಬಾಯಿಮಾತಿನಲ್ಲಿ ಹೇಳುವುದುಂಟು, ಆದ್ದರಿಂದ ಕೇಳಲು ಸಂಕೋಚ ಬೇಡ. ಮೂರನೆಯದಾಗಿ, ಗಡಿಯ ಈಚೆ ಒಂದು ಕಾರು, ಆಚೆ ಇನ್ನೊಂದು ಕಾರು ಎಂದು ಬಾಡಿಗೆಯನ್ನು ಒಡೆಯಿರಿ. ಬಾಸೆಲ್ ನಗರದ 8ನೇ ಸಂಖ್ಯೆಯ ಟ್ರಾಮ್ ಜರ್ಮನಿಯ ವೈಲ್ ಆಮ್ ರೈನ್‌ಗೂ 3ನೇ ಸಂಖ್ಯೆಯದು ಫ್ರಾನ್ಸಿನ ಸೇಂಟ್ ಲೂಯಿಗೂ ಹೋಗುತ್ತದೆ. ಇಂತಹ ಸೌಕರ್ಯ ಇರುವಲ್ಲಿ ಕಾರಿಲ್ಲದೆ ಗಡಿ ದಾಟುವುದು ಟ್ರಾಮ್ ಟಿಕೆಟ್ಟಿನ ಖರ್ಚು ಮಾತ್ರ. ಪ್ರವಾಸ ಮೂರು ವಾರಕ್ಕಿಂತ ದೀರ್ಘವಾಗಿದ್ದು, ನೀವು ಯುರೋಪಿಯನ್ ಒಕ್ಕೂಟದ ನಿವಾಸಿಯಲ್ಲದಿದ್ದರೆ, ಫ್ರಾನ್ಸಿನ ಕಾರು ತಯಾರಕರು ಕೊಡುವ ಅಲ್ಪಾವಧಿ ಲೀಸ್ ಅನ್ನೂ ನೋಡಿ. ಕೆಂಪು ನಂಬರ್ ಪ್ಲೇಟಿನ ಆ ಹೊಸ ಕಾರುಗಳೊಂದಿಗೆ ಹಲವು ದೇಶಗಳಿಗೆ ಅನ್ವಯಿಸುವ ಪೂರ್ಣ ವಿಮೆ ಸೇರಿರುತ್ತದೆ.

ಅನುಮತಿ ಲಿಖಿತವಾಗಿ ಇರಲಿ

ಒಪ್ಪಿಸುವ ಸ್ಥಳವಾಗಿ ಬೇರೆ ದೇಶದ ನಗರವನ್ನು ಜಾಲತಾಣ ಸ್ವೀಕರಿಸಿದ ಮಾತ್ರಕ್ಕೆ ದಾರಿಯಲ್ಲಿ ಬರುವ ಎಲ್ಲ ದೇಶಗಳಿಗೂ ಅನುಮತಿ ಸಿಕ್ಕಂತಲ್ಲ. ಮೊದಲೇ ತಯಾರಿಸಿದ ದೇಶಗಳ ಪಟ್ಟಿಯನ್ನು ಕಂಪನಿಗೆ ಇಮೇಲ್‌ನಲ್ಲಿ ಕಳುಹಿಸಿ ಉತ್ತರ ಪಡೆಯಿರಿ ಮತ್ತು ಕಾರು ಪಡೆಯುವಾಗ ಆ ದೇಶಗಳ ಹೆಸರು ಬಾಡಿಗೆ ಕರಾರಿನ ಮೇಲೆಯೇ ಮುದ್ರಣವಾಗುವಂತೆ ನೋಡಿಕೊಳ್ಳಿ. ಯುರೋಪಿನ ಹಲವು ಕಂಪನಿಗಳು ದೇಶಗಳನ್ನು ವಲಯಗಳಾಗಿ ವಿಂಗಡಿಸಿ, ದುಬಾರಿ ಬ್ರಾಂಡ್‌ನ ಕಾರುಗಳನ್ನು ಪೂರ್ವ ಯುರೋಪಿನ ಕೆಲವು ದೇಶಗಳಿಗೆ ಒಯ್ಯದಂತೆ ನಿರ್ಬಂಧಿಸುತ್ತವೆ. ಇಲ್ಲೊಂದು ಸೂಕ್ಷ್ಮವಿದೆ: ನೀವು ಸಾಧಾರಣ ಕಾರನ್ನು ಬುಕ್ ಮಾಡಿದ್ದರೂ ಕೌಂಟರ್‌ನವರು ಸೌಜನ್ಯಕ್ಕಾಗಿ ಮೇಲ್ದರ್ಜೆಯ ಕಾರು ಕೊಡಬಹುದು, ಮತ್ತು ಆ ಕಾರಿಗೆ ನಿಮ್ಮ ದಾರಿಯ ಒಂದು ದೇಶ ನಿಷಿದ್ಧವಾಗಿರಬಹುದು. ಅಂತಹ ಸಂದರ್ಭದಲ್ಲಿ ಮೇಲ್ದರ್ಜೆಯನ್ನು ನಯವಾಗಿ ನಿರಾಕರಿಸುವುದೇ ಒಳ್ಳೆಯದು.

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕರಾರು ಮಾತ್ರ ಸಾಕಾಗುವುದಿಲ್ಲ. ದಕ್ಷಿಣ ಆಫ್ರಿಕಾದ ಕಾರನ್ನು ನಮೀಬಿಯಾಕ್ಕೋ ಬೋಟ್ಸ್ವಾನಾಕ್ಕೋ ಒಯ್ಯಲು ಕಾರಿನ ಮಾಲೀಕ ಕಂಪನಿಯ ಅಧಿಕಾರ ಪತ್ರ ಬೇಕು. ಗಡಿಯ ಪೊಲೀಸರು ಮತ್ತು ಕಸ್ಟಮ್ಸ್ ಅಧಿಕಾರಿಗಳು ಅದನ್ನು ನೋಡುತ್ತಾರೆ. ಈ ಪತ್ರ ಕೌಂಟರ್‌ನಲ್ಲಿ ನಿಂತ ನಿಲುವಿನಲ್ಲಿ ಸಿಗುವಂಥದ್ದಲ್ಲ, ದಿನಗಳ ಮೊದಲೇ ಕೇಳಬೇಕು. ಅದರಲ್ಲಿ ಕಾರಿನ ನಂಬರ್, ಎಲ್ಲ ಚಾಲಕರ ಹೆಸರು, ದೇಶಗಳು ಮತ್ತು ದಿನಾಂಕಗಳು ಪಾಸ್‌ಪೋರ್ಟ್‌ಗೂ ಕರಾರಿಗೂ ಹೊಂದುತ್ತವೆಯೇ ಎಂದು ಅಲ್ಲಿಯೇ ಓದಿ ನೋಡಿ.

ನೀವು ತಲುಪುವ ದೇಶದ ನಿವಾಸಿಯೇ ಆಗಿದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ವಿದೇಶಿ ನೋಂದಣಿಯ ವಾಹನವನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಳತರಲು ಬಿಡುವ ಸೌಲಭ್ಯವು ಸಾಮಾನ್ಯವಾಗಿ ಆ ಪ್ರದೇಶದ ಹೊರಗೆ ವಾಸಿಸುವವರಿಗೆ ಮೀಸಲು. ಸ್ವಂತ ದೇಶಕ್ಕೆ ಮರಳುವ ನಿವಾಸಿಗೆ ಅವಧಿಯ ಮಿತಿ ಮತ್ತು ಷರತ್ತುಗಳು ಅನ್ವಯಿಸಬಹುದು. ಯುರೋಪಿಯನ್ ಒಕ್ಕೂಟದ ಸದಸ್ಯ ದೇಶಗಳ ನಡುವೆ ಸುಂಕದ ಗಡಿಯಿಲ್ಲದ ಕಾರಣ ಈ ಪ್ರಶ್ನೆ ಬರುವುದಿಲ್ಲ. ಒಕ್ಕೂಟಕ್ಕೂ ಸ್ವಿಟ್ಜರ್ಲೆಂಡಿಗೂ ನಡುವೆ, ಅಮೆರಿಕಕ್ಕೂ ಕೆನಡಾಕ್ಕೂ ನಡುವೆ ಬರುತ್ತದೆ. ಇದಕ್ಕೆ ಉತ್ತರ ಕೊಡಬೇಕಾದವರು ಬಾಡಿಗೆ ಕಂಪನಿಯವರಲ್ಲ, ಆ ದೇಶದ ಕಸ್ಟಮ್ಸ್ ಇಲಾಖೆಯವರು.

ವಿಮೆ: ಎರಡು ಬೇರೆ ವಿಷಯಗಳು

ಗಡಿ ದಾಟುವಾಗ ಎರಡು ಬಗೆಯ ವಿಮೆಯನ್ನು ಒಂದರೊಡನೆ ಒಂದು ಬೆರೆಸಬಾರದು. ಮೊದಲನೆಯದು ಇತರರಿಗೆ ಆಗುವ ಹಾನಿಯನ್ನು ತುಂಬುವ ಥರ್ಡ್ ಪಾರ್ಟಿ ವಿಮೆ. ಇದು ಕಾನೂನಿನ ಅಗತ್ಯ. ಎರಡನೆಯದು ಬಾಡಿಗೆ ಕಾರಿಗೇ ಆಗುವ ಹಾನಿ ಮತ್ತು ಕಳವಿನ ಹೊಣೆಯನ್ನು ಮಿತಿಗೊಳಿಸುವ ರಕ್ಷಣೆ. ಇದು ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ಯುರೋಪಿನಲ್ಲಿ ಮೊದಲನೆಯದಕ್ಕೆ ಗ್ರೀನ್ ಕಾರ್ಡ್ ಎಂಬ ಏರ್ಪಾಡಿದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 1949ರ ಶಿಫಾರಸಿನಿಂದ ಹುಟ್ಟಿದ ಈ ಕಾರ್ಡಿನ ಮೇಲೆ ದೇಶಗಳ ಸಂಕೇತಾಕ್ಷರಗಳಿದ್ದು, ಅಡ್ಡಗೆರೆ ಹೊಡೆದ ದೇಶಗಳಲ್ಲಿ ವಿಮೆ ಅನ್ವಯಿಸುವುದಿಲ್ಲ. 2020ರಿಂದ ಇದನ್ನು ಬಿಳಿ ಕಾಗದದ ಮೇಲೂ ಮುದ್ರಿಸಬಹುದಾದ್ದರಿಂದ ಹಸಿರು ಬಣ್ಣವಿಲ್ಲವೆಂದು ಗಾಬರಿಯಾಗಬೇಕಿಲ್ಲ. ಆದರೆ ಆ ಗೆರೆಗಳನ್ನು ಮಾತ್ರ ಒಂದೊಂದಾಗಿ ನೋಡಿ.

ಎಲ್ಲೆಡೆಯೂ ಇಂತಹ ಪರಸ್ಪರ ಮಾನ್ಯತೆ ಇಲ್ಲ. ಅಮೆರಿಕದ ಹೊಣೆಗಾರಿಕೆ ವಿಮೆಯನ್ನು ಮೆಕ್ಸಿಕೋ ಒಪ್ಪುವುದಿಲ್ಲ. ಅಲ್ಲಿ ಮೆಕ್ಸಿಕೋದ ವಿಮಾ ಕಂಪನಿಯ ಪಾಲಿಸಿಯೇ ಬೇಕು, ಗಡಿ ವಲಯವನ್ನು ದಾಟಿ ಒಳನಾಡಿಗೆ ಹೋಗುವ ವಾಹನಕ್ಕೆ ಸಾಮಾನ್ಯವಾಗಿ ತಾತ್ಕಾಲಿಕ ಆಮದು ಪರವಾನಗಿಯೂ ಬೇಕು. ಅಮೆರಿಕದ ಬಹಳಷ್ಟು ಬಾಡಿಗೆ ಕಂಪನಿಗಳು ತಮ್ಮ ಕಾರುಗಳನ್ನು ಅಲ್ಲಿಗೆ ಬಿಡದಿರುವುದು ಈ ಹಿನ್ನೆಲೆಯಲ್ಲಿ ಸಹಜ.

ಎರಡನೆಯ ರಕ್ಷಣೆಯನ್ನು ಕ್ರೆಡಿಟ್ ಕಾರ್ಡಿನ ಸೌಲಭ್ಯವೆಂದು ನಂಬಿರುವವರು ಕಾರ್ಡಿನ ಷರತ್ತುಗಳಲ್ಲಿ ಹೊರಗಿಟ್ಟ ದೇಶಗಳ ಪಟ್ಟಿಯನ್ನು ಓದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅನುಮತಿಯಿಲ್ಲದ ದೇಶಕ್ಕೆ ಕಾರು ಹೋದರೆ ಈ ರಕ್ಷಣೆಗಳೆಲ್ಲ ರದ್ದಾಗಿ ಕಾರಿನ ಪೂರ್ಣ ಬೆಲೆಯ ಹೊಣೆ ಚಾಲಕನ ಮೇಲೆ ಬೀಳುವ ಸಾಧ್ಯತೆ ಇದೆ. ಇಡೀ ಪ್ರವಾಸದಲ್ಲಿ ನಾನು ಅತ್ಯಂತ ಗಂಭೀರವೆಂದು ಭಾವಿಸುವ ಅಪಾಯ ಇದೇ.

ಚಾಲಕರ ದಾಖಲೆಗಳು

ನಿಮ್ಮ ಮೂಲ ಡ್ರೈವಿಂಗ್ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕಾಗಬಹುದು. ರಸ್ತೆ ಸಂಚಾರದ ಕುರಿತ 1949ರ ಜಿನೀವಾ ಒಪ್ಪಂದದ ಪರವಾನಗಿ 1 ವರ್ಷ ಊರ್ಜಿತವಾಗಿರುತ್ತದೆ. 1968ರ ವಿಯೆನ್ನಾ ಒಪ್ಪಂದದ್ದು ಗರಿಷ್ಠ 3 ವರ್ಷ. ಒಂದೇ ಬಗೆಯನ್ನು ಒಪ್ಪುವ ದೇಶಗಳಿರುವುದರಿಂದ (ಜಪಾನ್ 1949ರದ್ದನ್ನು ಮಾತ್ರ ಒಪ್ಪುತ್ತದೆ) ದಾರಿಯ ಪ್ರತಿ ದೇಶಕ್ಕೂ ಪ್ರತ್ಯೇಕವಾಗಿ ವಿಚಾರಿಸಿ. ಇದು ಮೂಲ ಲೈಸೆನ್ಸ್‌ನ ಅನುವಾದಿತ ಸಂಗಾತಿಯಷ್ಟೇ ಆದ್ದರಿಂದ ಒಂಟಿಯಾಗಿ ನಡೆಯುವುದಿಲ್ಲ; ಲೈಸೆನ್ಸ್ ಕೊಟ್ಟ ದೇಶದಲ್ಲಿಯೇ, ಹೊರಡುವ ಮೊದಲೇ ಪಡೆಯಬೇಕು.

ಕಾರು ಕೈಗೆ ಬಂದಾಗ

ಕೀಲಿ ಪಡೆದ ಕೂಡಲೇ ಹೊರಡಬೇಡಿ. ನಂಬರ್ ಪ್ಲೇಟ್ ಕರಾರಿನಲ್ಲಿ ಬರೆದದ್ದೇ ಎಂದು ನೋಡಿ. ಕಾರಿನ ಸುತ್ತ, ಚಕ್ರಗಳ ಅಂಚು, ಗಾಜು, ಒಳಭಾಗ, ಇಂಧನದ ಮುಳ್ಳು, ಓಡಿದ ಕಿಲೋಮೀಟರ್ ಇವೆಲ್ಲವನ್ನೂ ವಿಡಿಯೋ ಮಾಡಿ. ದೇಶದೊಳಗಿನ ಬಾಡಿಗೆಗಿಂತ ಇಲ್ಲಿ ಇದು ಹೆಚ್ಚು ಮುಖ್ಯ, ಏಕೆಂದರೆ ಕಾರನ್ನು ಕೊಟ್ಟವರು ಒಂದು ದೇಶದವರು, ಪರೀಕ್ಷಿಸಿ ಪಡೆಯುವವರು ಇನ್ನೊಂದು ದೇಶದವರು. ಹಳೆಯ ಗೀರು ಯಾವುದೆಂದು ಅವರಿಗೆ ಕಾಗದ ಮಾತ್ರ ಹೇಳಬಲ್ಲದು.

ಕಾರಿನೊಳಗೆ ನೋಂದಣಿ ಪತ್ರದ ಪ್ರತಿ, ವಿಮಾ ಪತ್ರ, ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಜಾಕೆಟ್ ಇವೆಯೇ ನೋಡಿ. ಫ್ರಾನ್ಸ್, ಆಸ್ಟ್ರಿಯಾ ಮುಂತಾದ ದೇಶಗಳಲ್ಲಿ ಈ ಜಾಕೆಟ್ ಕಡ್ಡಾಯ, ಮತ್ತು ಅದು ಡಿಕ್ಕಿಯಲ್ಲಿರದೆ ಕೈಗೆಟಕುವಂತಿರಬೇಕು. ಚಳಿಗಾಲವಾದರೆ ಟೈರುಗಳ ಬದಿಯನ್ನು ಪರೀಕ್ಷಿಸಿ: ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗಾಲದ ಟೈರ್ ಇರಲೇಬೇಕು. ಬೆಚ್ಚಗಿನ ಕಡಲತೀರದ ಊರಿನಲ್ಲಿ ಪಡೆದ ಕಾರಿಗೆ ಅವು ಇಲ್ಲದಿರಬಹುದು. ಬುಕಿಂಗ್ ಮಾಡುವಾಗಲೇ ಕೇಳಬೇಕಾದ ವಿಷಯವಿದು.

ಟೋಲ್ ಮತ್ತು ಸ್ಟಿಕರ್

ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಸ್ಲೊವೇನಿಯಾ, ಹಂಗೆರಿ ಮುಂತಾದ ದೇಶಗಳ ಹೆದ್ದಾರಿಗಳಿಗೆ ವಿನ್ಯೆಟ್ ಎಂಬ ಮುಂಗಡ ಪಾವತಿಯ ಸ್ಟಿಕರ್ ಬೇಕು. ಆ ದೇಶದ್ದೇ ಕಾರಾದರೆ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ, ನೆರೆಯ ದೇಶದ ಕಾರಾದರೆ ನೀವೇ ಕೊಳ್ಳಬೇಕು. ಸ್ವಿಸ್ ವಿನ್ಯೆಟ್ 40 ಫ್ರಾಂಕ್‌ನದು, ಒಂದು ದಿನದ ಪ್ರಯಾಣಕ್ಕೂ ಇಡೀ ವರ್ಷದ್ದನ್ನೇ ಕೊಳ್ಳಬೇಕು. ಆಸ್ಟ್ರಿಯಾದಲ್ಲಿ ಕೆಲವು ದಿನಗಳದ್ದು ಸಿಗುತ್ತದೆ, ಆದರೆ ಬ್ರೆನ್ನರ್‌ನಂತಹ ಮಾರ್ಗಗಳಿಗೆ ಬೇರೆಯೇ ಟೋಲ್ ಉಂಟು. ಈಗ ಇವು ಹೆಚ್ಚಾಗಿ ಡಿಜಿಟಲ್ ರೂಪದಲ್ಲಿದ್ದು ನಂಬರ್ ಪ್ಲೇಟಿಗೆ ಅಂಟಿಕೊಂಡಿರುತ್ತವೆ. ಬಾಡಿಗೆ ಕಾರಿನ ನಂಬರ್ ಕೌಂಟರ್‌ನಲ್ಲಿ ಮಾತ್ರ ತಿಳಿಯುವುದರಿಂದ, ಪಾರ್ಕಿಂಗ್ ಜಾಗದಲ್ಲಿ ನಿಂತೇ ಅಧಿಕೃತ ತಾಣದಲ್ಲಿ ಕೊಂಡು, ದೇಶದ ಸಂಕೇತ ಮತ್ತು ಪ್ಲೇಟಿನ ಪ್ರತಿ ಅಕ್ಷರವನ್ನು ಸರಿನೋಡಿ, ರಸೀದಿಯನ್ನು ಉಳಿಸಿಕೊಳ್ಳಿ.

ಗೇಟೇ ಇಲ್ಲದ ಟೋಲ್‌ಗಳು ಇನ್ನೊಂದು ಬಗೆ. ಡಬ್ಲಿನ್ ನಗರವನ್ನು ಸುತ್ತುವ ಎಂ50 ಹೆದ್ದಾರಿಯಲ್ಲಿ ಕ್ಯಾಮೆರಾ ನಂಬರ್ ಓದುತ್ತದೆ, ಹಣವನ್ನು ಮರುದಿನ ರಾತ್ರಿ 8 ಗಂಟೆಯೊಳಗೆ ಕಟ್ಟಬೇಕು. ಬೆಲ್‌ಫಾಸ್ಟ್‌ನಲ್ಲಿ ಪಡೆದ ಕಾರಿನವರಿಗೆ ಇದನ್ನು ಯಾರೂ ನೆನಪಿಸದಿರಬಹುದು. ಸ್ಪೇನ್‌ನಿಂದ ಪೋರ್ಚುಗಲ್‌ಗೆ ಹೋಗುವವರಿಗೂ ವಿದ್ಯುನ್ಮಾನ ಟೋಲ್ ಮಾತ್ರ ಇರುವ ರಸ್ತೆಗಳು ಎದುರಾಗಬಹುದು.

ಗಡಿಯಲ್ಲಿ

ಪಾಸ್‌ಪೋರ್ಟ್, ಲೈಸೆನ್ಸ್, ಕರಾರು, ಅನುಮತಿ ಪತ್ರ, ವಿಮಾ ಪತ್ರ ಇಷ್ಟನ್ನೂ ಒಂದೇ ಲಕೋಟೆಯಲ್ಲಿಟ್ಟು ಮುಂದಿನ ಸೀಟಿನಲ್ಲಿ ಇರಿಸಿಕೊಳ್ಳಿ. ಕಾರು ಯಾರದ್ದೆಂದು ಕೇಳಿದರೆ ಬಾಡಿಗೆಯದೆಂದು ಹೇಳಿ ಕರಾರು ತೋರಿಸಿ. ಎಲ್ಲಿ ಒಪ್ಪಿಸುತ್ತೀರೆಂಬುದನ್ನೂ ಅದು ಹೇಳುತ್ತದೆ. ಸಣ್ಣ ಗಡಿ ಠಾಣೆಗಳು ರಾತ್ರಿ ಮುಚ್ಚುವುದುಂಟು, ಆದ್ದರಿಂದ ವೇಳೆ ತಿಳಿದು ಹೊರಡಿ. ಷೆಂಗೆನ್ ಪ್ರದೇಶದೊಳಗೂ ಕೆಲವು ದೇಶಗಳು ಆಗಾಗ ತಾತ್ಕಾಲಿಕ ತಪಾಸಣೆ ನಡೆಸುತ್ತವೆ, ಪಾಸ್‌ಪೋರ್ಟನ್ನು ಸೂಟ್‌ಕೇಸಿನ ಅಡಿಯಲ್ಲಿ ಇಡಬಾರದು.

ಕೆಲವು ಗಡಿಗಳಿಗೆ ಅವುಗಳದ್ದೇ ವಿಶೇಷ ನಿಯಮಗಳಿವೆ. ಸಿಂಗಪುರದಲ್ಲಿ ನೋಂದಣಿಯಾದ ಕಾರು ಮಲೇಷ್ಯಾಕ್ಕೆ ಹೊರಡುವಾಗ ಟ್ಯಾಂಕಿನ ಮುಕ್ಕಾಲು ಭಾಗ ಇಂಧನ ಇರಲೇಬೇಕು, ಮಲೇಷ್ಯಾ ಪ್ರವೇಶಕ್ಕೆ ವಾಹನ ಪ್ರವೇಶ ಪರವಾನಗಿಯೂ ಬೇಕು.

ಗಡಿ ದಾಟಿದ ಮೇಲೆ ವೇಗಮಿತಿಯ ಘಟಕವನ್ನು, ಸಂಚಾರದ ಬದಿಯನ್ನು ಗಮನಿಸಿ. ಪೆಟ್ರೋಲ್ ಬಂಕಿನಲ್ಲಿ ನಳಿಕೆಯ ಬಣ್ಣವನ್ನು ನಂಬಬೇಡಿ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2018ರಿಂದ ಪೆಟ್ರೋಲಿಗೆ ವೃತ್ತದೊಳಗಿನ, ಡೀಸೆಲ್‌ಗೆ ಚೌಕದೊಳಗಿನ ಗುರುತು ಬಂದಿದೆ; ಅದೇ ಗುರುತು ಹೊಸ ಕಾರುಗಳ ಟ್ಯಾಂಕಿನ ಮುಚ್ಚಳದ ಬಳಿಯೂ ಇರುತ್ತದೆ.

ಒಪ್ಪಿಸುವಾಗ ಮತ್ತು ಆಮೇಲೆ

ಶಾಖೆ ತೆರೆದಿರುವ ವೇಳೆಯಲ್ಲಿಯೇ ತಲುಪುವಂತೆ ಪ್ರಯಾಣವನ್ನು ಹೊಂದಿಸಿ. ಮುಚ್ಚಿದ ಮೇಲೆ ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೋದರೆ, ಸಿಬ್ಬಂದಿ ಬಂದು ಪರೀಕ್ಷಿಸುವವರೆಗೆ ಕಾರಿನ ಹೊಣೆ ಸಾಮಾನ್ಯವಾಗಿ ನಿಮ್ಮದೇ ಆಗಿರುತ್ತದೆ. ಅನಿವಾರ್ಯವಾದರೆ ನಿಲ್ಲಿಸಿದ ಜಾಗ ಕಾಣುವಂತೆ ವಿಡಿಯೋ ಮಾಡಿ. ಸಿಬ್ಬಂದಿ ಇದ್ದರೆ ಕಾರನ್ನು ಪರೀಕ್ಷಿಸಿ ಹೊಸ ಹಾನಿ ಇಲ್ಲವೆಂದು ಬರೆದ ರಸೀದಿಯನ್ನು ಸಹಿಯೊಂದಿಗೆ ಪಡೆಯದೆ ಹೊರಡಬೇಡಿ. ಮಾರ್ಗ ಮಧ್ಯೆ ಒಪ್ಪಿಸುವ ನಗರವನ್ನು ಬದಲಿಸಬೇಕಾಗಿ ಬಂದರೆ ಮೊದಲು ಕಂಪನಿಗೆ ತಿಳಿಸಿ ಹೊಸ ಶುಲ್ಕವನ್ನು ಲಿಖಿತವಾಗಿ ಪಡೆಯಿರಿ. ಕಾರ್ಡ್ ಪಾವತಿಯ ಯಂತ್ರ ನಿಮ್ಮ ದೇಶದ ಹಣದಲ್ಲಿ ಕಟ್ಟಬೇಕೇ ಎಂದು ಕೇಳಿದರೆ ಬೇಡವೆಂದು ಸ್ಥಳೀಯ ಹಣವನ್ನೇ ಆರಿಸಿ, ಪರಿವರ್ತನೆಯ ದರ ಸಾಮಾನ್ಯವಾಗಿ ಅಲ್ಲಿ ಕೆಟ್ಟದಾಗಿರುತ್ತದೆ.

ಎಲ್ಲ ಕಾಗದಗಳನ್ನೂ ವಿಡಿಯೋಗಳನ್ನೂ ಹಲವು ತಿಂಗಳು ಉಳಿಸಿಕೊಳ್ಳಿ. ವಿದೇಶಿ ಟೋಲ್ ಮತ್ತು ವೇಗದ ದಂಡದ ನೋಟಿಸ್ ಮೊದಲು ಕಾರಿನ ನೋಂದಣಿ ಇರುವ ದೇಶದ ಕಂಪನಿಗೆ ಹೋಗಿ, ಅಲ್ಲಿಂದ ನಿಮ್ಮ ವಿಳಾಸ ಪಡೆದು ತಡವಾಗಿ ಬರುತ್ತದೆ. ಆಗ ಕಂಪನಿಯು ಕಾರ್ಡ್‌ನಿಂದ ಕಡಿತ ಮಾಡುವ ಮೊತ್ತ ಹೆಚ್ಚಾಗಿ ನಿಮ್ಮ ವಿವರವನ್ನು ಅಧಿಕಾರಿಗಳಿಗೆ ಕೊಟ್ಟ ಸೇವಾ ಶುಲ್ಕ ಮಾತ್ರ. ದಂಡವನ್ನು ಆ ದೇಶದ ಅಧಿಕಾರಿಗಳಿಗೆ ನೀವು ಪ್ರತ್ಯೇಕವಾಗಿ, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ ಕಟ್ಟಬೇಕಾಗುತ್ತದೆ.